ವ್ಯಾಪಾರ ಪ್ರಶ್ನೋತ್ತರ: ಮೊದಲ ಮಣೆ ಯಾರಿಗೆ, ಗಿರಾಕಿಗೋ ಕೆಲಸದವರಿಗೋ?

ಗ್ರಾಹಕರು ಮತ್ತು ಸಿಬ್ಬಂದಿಯ ನಡುವೆ ಯಾರನ್ನು ಮೊದಲು ನೋಡಿಕೊಳ್ಳಬೇಕು ಎಂಬ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಧಾಟಿಯ ಪ್ರಶ್ನೆಗಳನ್ನು ಸೇರಿಸಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಾವಿಬ್ಬರು ಪಾಲುದಾರರು, ಹನ್ನೆರಡು ಮಂದಿ ಕೆಲಸಕ್ಕಿದ್ದಾರೆ. ಗಿರಾಕಿ ಹೇಳಿದ್ದೇ ಸರಿ ಎನ್ನುತ್ತಾರೆ ನನ್ನ ಪಾಲುದಾರರು. ಕೆಲಸದವರನ್ನು ಚೆನ್ನಾಗಿ ನೋಡಿಕೊಂಡರೆ ಅವರು ಗಿರಾಕಿಯನ್ನು ನೋಡಿಕೊಳ್ಳುತ್ತಾರೆ ಎನ್ನುವುದು ನನ್ನ ವಾದ. ಯಾರದ್ದು ಸರಿ?

ಉತ್ತರ: ಇಬ್ಬರ ಬೆನ್ನಿಗೂ ದೊಡ್ಡ ಹೆಸರುಗಳಿವೆ, ಅದಕ್ಕೇ ಈ ವಾದ ಮುಗಿಯುವುದೇ ಇಲ್ಲ. ಗಿರಾಕಿಯ ಮಾತೇ ಸರಿ ಎಂಬ ನಿಯಮ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಷಿಕಾಗೋದ ಮಾರ್ಷಲ್ ಫೀಲ್ಡ್, ಲಂಡನ್ನಿನ ಹ್ಯಾರಿ ಸೆಲ್ಫ್‌ರಿಜ್, ಹೋಟೆಲ್ ಉದ್ಯಮದ ಸೆಸಾರ್ ರಿಟ್ಜ್ ಇವರ ಹೆಸರಿನ ಜೊತೆ ಹಬ್ಬಿತು. ಕೊಂಡ ಮೇಲೆ ನಿನ್ನ ಹಣೆಬರಹ ಎನ್ನುತ್ತಿದ್ದ ವ್ಯಾಪಾರಿಗಳ ನಡುವೆ ಅದು ನಿಜಕ್ಕೂ ದೊಡ್ಡ ಭರವಸೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ 1943ರಲ್ಲಿ ಬರೆದುಕೊಂಡ ಧ್ಯೇಯಪತ್ರದಲ್ಲಿ ಮೊದಲ ಹೊಣೆ ತನ್ನ ವಸ್ತು ಬಳಸುವವರಿಗೆ, ಎರಡನೆಯದು ಕೆಲಸದವರಿಗೆ, ಆಮೇಲೆ ಸಮಾಜಕ್ಕೆ, ಷೇರುದಾರರು ಕೊನೆಯಲ್ಲಿ. ನಿಮ್ಮ ಕಡೆಗೂ ಸಾಕ್ಷಿಗಳಿದ್ದಾರೆ. ಸೌತ್‌ವೆಸ್ಟ್ ಏರ್‌ಲೈನ್ಸ್‌ನ ಹರ್ಬ್ ಕೆಲೆಹರ್ ಸಿಬ್ಬಂದಿಗೇ ಮೊದಲ ಮಣೆ ಹಾಕಿದವರು. ಎಚ್‌ಸಿಎಲ್ ಟೆಕ್ನಾಲಜೀಸ್‌ನಲ್ಲಿ ವಿನೀತ್ ನಾಯರ್ 2005ರಿಂದ ‘ಸಿಬ್ಬಂದಿ ಮೊದಲು, ಗ್ರಾಹಕರು ಆಮೇಲೆ’ ಎಂದು ಬಹಿರಂಗವಾಗಿಯೇ ಹೇಳಿಕೊಂಡು ನಡೆಸಿದರು.

ಎಚ್‌ಸಿಎಲ್‌ನ ಘೋಷಣೆಗಿಂತ ಅಲ್ಲಿ ಮಾಡಿದ ಒಂದು ಸಣ್ಣ ಏರ್ಪಾಡು ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗಿರಾಕಿ ದೂರು ಕೊಟ್ಟಾಗ ಒಂದು ನಂಬರು ಕೊಡುತ್ತೇವಲ್ಲ, ಹಾಗೆಯೇ ಅಲ್ಲಿ ಕೆಲಸದವರು ಕಂಪನಿಯ ಒಳಗಿನ ವಿಭಾಗಗಳ ಮೇಲೆ ಟಿಕೆಟ್ ಹಾಕಬಹುದಿತ್ತು. ಟಿಕೆಟನ್ನು ಮುಚ್ಚುವ ಅಧಿಕಾರ ಇದ್ದದ್ದು ಅದನ್ನು ಹಾಕಿದವರಿಗೆ. ‘ಸರಿಮಾಡಿದ್ದೇವೆ’ ಎಂದು ಮೇಲಿನವರು ತಾವೇ ಹೇಳಿಕೊಂಡು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಹನ್ನೆರಡು ಮಂದಿಯ ಜಾಗದಲ್ಲಿ ಇದಕ್ಕೆ ಒಂದು ನೋಟ್‌ಬುಕ್ ಸಾಕು. ಮೂರು ಕಲಂ ಹಾಕಿ: ಕೆಲಸಕ್ಕೆ ಅಡ್ಡಿಯಾಗಿರುವುದು ಏನು, ಯಾವತ್ತಿನಿಂದ, ಬರೆದವರೇ ‘ಆಯಿತು’ ಎಂದು ಸಹಿ ಹಾಕಿದ ದಿನ. ಮೂರನೆಯ ಕಲಂ ಎರಡು ವಾರವಾದರೂ ಖಾಲಿ ಬಿದ್ದಿದ್ದರೆ ಸಿಬ್ಬಂದಿ ಮೊದಲು ಎಂಬ ನಿಮ್ಮ ಮಾತು ಗೋಡೆಯ ಮೇಲಿನ ಬರಹಕ್ಕಿಂತ ಹೆಚ್ಚಲ್ಲ.

ಇನ್ನು ತಗಾದೆಗೆ ಬರೋಣ. ಇಬ್ಬರೂ ಬೇರೆಬೇರೆಯಾಗಿ ಕುಳಿತು, ನೆನಪಿರುವ ಕೊನೆಯ ಹತ್ತು ಗಿರಾಕಿ–ಕೆಲಸದವರ ಜಟಾಪಟಿಗಳನ್ನು ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲಿ, ಆ ಜಗಳಕ್ಕೆ ದಾರಿಮಾಡಿದ ತೀರ್ಮಾನ ಯಾವುದು, ಅದನ್ನು ಯಾರು ಯಾವಾಗ ತೆಗೆದುಕೊಂಡರು ಎಂದೂ ಬರೆಯಿರಿ. ಉದಾಹರಣೆಗೆ, ಸಂಜೆ 4ಕ್ಕೆ ಸಾಮಾನು ತಲುಪುತ್ತದೆ ಎಂದು ಫೋನಿನಲ್ಲಿ ಮಾತುಕೊಟ್ಟವರು ಮಾಲೀಕರು. ಗೋದಾಮಿನವರಿಗೆ ಅದು ಗೊತ್ತಾಗಿದ್ದು 4 ಗಂಟೆಗೆ ಗಿರಾಕಿ ಕೂಗಾಡಿದಾಗ. ಬಿಲ್ಲಿನ ಹಿಂದೆ ‘7 ದಿನದೊಳಗೆ ವಾಪಸ್’ ಎಂದು ಅಚ್ಚಾಗಿದೆ. ಕೌಂಟರಿನವರಿಗೆ ‘ಆದಷ್ಟು ವಾಪಸ್ ತಗೋಬೇಡಿ’ ಎಂದು ಬಾಯಿಮಾತಿನ ಆದೇಶವಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರೇ ಉಳಿಯುವಂತೆ ಪಾಳಿ ಹಾಕಲಾಗಿದೆ. ಇಂಥವುಗಳಲ್ಲಿ ಗಿರಾಕಿಯೂ ಸರಿ, ಕೆಲಸದವರೂ ಸರಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ, ಮಾತುಕೊಟ್ಟವರಿಗೂ ಅದನ್ನು ಕೇಳುವವರಿಗೂ ನಡುವೆ ಸಿಕ್ಕಿ ಕೌಂಟರಿನವರು ಬೈಸಿಕೊಳ್ಳುತ್ತಾರೆ. ನಿಮ್ಮ ಪಟ್ಟಿಯಲ್ಲಿ ಇಂಥವು ಅರ್ಧಕ್ಕಿಂತ ಹೆಚ್ಚಿದ್ದರೆ ಯಾರು ಮೊದಲು ಎಂಬ ಚರ್ಚೆಯನ್ನು ಸದ್ಯಕ್ಕೆ ಬದಿಗಿಟ್ಟು ಆ ತೀರ್ಮಾನಗಳನ್ನು ತಿದ್ದಿ.

ಉಳಿದವುಗಳಿಗೆ ನಮ್ಮ ಸಲಹೆ ಹೀಗಿದೆ. ಪಾಳಿ, ಸಲಕರಣೆ, ನಿಯಮ, ಅಧಿಕಾರ ಇವನ್ನೆಲ್ಲ ಗೊತ್ತುಮಾಡುವಾಗ, ಅಂದರೆ ಗಿರಾಕಿ ಬಾಗಿಲಿಗೆ ಬರುವ ಮುಂಚೆ, ಕೆಲಸದವರ ಮಾತನ್ನು ಮೊದಲು ಕೇಳಿ. ಗಿರಾಕಿ ಎದುರಿಗೆ ನಿಂತ ಮೇಲೆ ಅವರ ಕೆಲಸವೇ ಮೊದಲು. ಸ್ಟಾಕ್ ಎಣಿಕೆ, ಫೋನು, ನಾಳೆಯ ರಜೆಯ ಮಾತು ಎಲ್ಲ ಕಾಯಬಹುದು. ಮೈಗೆ ಅಪಾಯವಾಗುವ, ಮರ್ಯಾದೆ ಹೋಗುವ ವಿಷಯದಲ್ಲಿ ಮಾತ್ರ ಈ ಹೊತ್ತುಗೊತ್ತಿನ ಲೆಕ್ಕ ಇಲ್ಲ.

ನಿಮ್ಮ ವಾದದ ಬಲಹೀನ ಜಾಗವನ್ನೂ ಹೇಳಿಬಿಡುತ್ತೇವೆ. ಸಿಬ್ಬಂದಿ ಮೊದಲು ಎನ್ನುವ ಕಡೆ ಕೆಲಸ ಮಾಡದ ಒಬ್ಬರನ್ನು ‘ನಮ್ಮವರಲ್ಲವೇ’ ಎಂದು ಸಾಕಿಕೊಂಡು ಹೋಗುವುದು ಬಲು ಬೇಗ ರೂಢಿಯಾಗುತ್ತದೆ. ಅವರ ಭಾರ ಮೊದಲು ಬೀಳುವುದು ಪಕ್ಕದಲ್ಲಿ ನಿಂತವರ ಹೆಗಲ ಮೇಲೆ. ಗಿರಾಕಿ ದೂರುವ ಹೊತ್ತಿಗೆ ಒಳ್ಳೆಯ ಕೆಲಸಗಾರರಿಬ್ಬರು ಬೇರೆ ಕಡೆ ಕೆಲಸ ನೋಡಿಕೊಂಡಿರುತ್ತಾರೆ.

ಪ್ರಶ್ನೆ: ಗಂಟೆಗೆ ಎಷ್ಟು ಜನ ಬರುತ್ತಾರೆ ಎಂದು ಲೆಕ್ಕ ಹಾಕಿಯೇ ಬಿಲ್ಲಿಂಗಿಗೆ ಜನ ಹಾಕಿದ್ದೇನೆ. ಆದರೂ ಸಾಲು ಕರಗುವುದಿಲ್ಲ, ಗಿರಾಕಿಗಳು ರೇಗುತ್ತಾರೆ, ಹುಡುಗರು ಬೆವರುತ್ತಾರೆ. ಅವರು ನಿಧಾನ ಮಾಡುತ್ತಿದ್ದಾರೆಯೇ?

ಉತ್ತರ: ಬಹುಶಃ ಇಲ್ಲ. ನಿಮ್ಮ ಲೆಕ್ಕ ಸರಾಸರಿಯ ಮೇಲೆ ನಿಂತಿದೆ, ಗಿರಾಕಿಗಳು ಸರಾಸರಿಯ ಪ್ರಕಾರ ಬರುವುದಿಲ್ಲ. ಹತ್ತು ನಿಮಿಷ ಯಾರೂ ಇರುವುದಿಲ್ಲ, ಆಮೇಲೆ ಒಟ್ಟಿಗೆ ಆರು ಮಂದಿ.

ಒಂದು ಬಿಲ್ಲಿಗೆ ಸರಾಸರಿ 3 ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. ಒಬ್ಬರು ಗಂಟೆಗೆ 20 ಬಿಲ್ ಮಾಡಬಲ್ಲರು. ಗಂಟೆಗೆ 16 ಜನ ಬಂದರೆ ಆ ಕೌಂಟರು ನೂರಕ್ಕೆ 80ರಷ್ಟು ಹೊತ್ತು ದುಡಿಯುತ್ತದೆ. ಜನ ಮನಬಂದಂತೆ ಬರುತ್ತಾರೆ, ಒಬ್ಬೊಬ್ಬರ ಬಿಲ್ಲಿಗೆ ಹಿಡಿಯುವ ಹೊತ್ತೂ ಏರುಪೇರಾಗುತ್ತದೆ ಎಂದಿಟ್ಟುಕೊಂಡು ಸಾಲುಗಳ ಗಣಿತದ ಸರಳ ಸೂತ್ರ ಹಾಕಿದರೆ ಸಾಲಿನಲ್ಲಿ ಕಾಯುವ ಸರಾಸರಿ ಹೊತ್ತು 12 ನಿಮಿಷ. 16ರ ಬದಲು 18 ಜನ ಬಂದರೆ 27 ನಿಮಿಷ. 19 ಆದರೆ 57 ನಿಮಿಷ! ಮೂರೇ ಜನ ಹೆಚ್ಚಾದರು, ಕಾಯುವಿಕೆ ಐದು ಪಟ್ಟಿಗೆ ಹತ್ತಿರ ಬಂತು. (ಸೂತ್ರ ಬೇಕೆನ್ನುವವರಿಗೆ: ದುಡಿಯುವ ಭಾಗವನ್ನು ಬಿಡುವಿನ ಭಾಗದಿಂದ ಭಾಗಿಸಿ, ಒಂದು ಬಿಲ್ಲಿನ ಹೊತ್ತಿನಿಂದ ಗುಣಿಸಿ. 80ನ್ನು 20ರಿಂದ ಭಾಗಿಸಿದರೆ 4. ಅದನ್ನು 3ರಿಂದ ಗುಣಿಸಿದರೆ 12.) ಅಷ್ಟು ಹೊತ್ತು ಯಾರೂ ನಿಲ್ಲುವುದಿಲ್ಲ, ಸಾಮಾನು ಅಲ್ಲೇ ಬಿಟ್ಟು ಹೊರಟುಹೋಗುತ್ತಾರೆ. ಅದಕ್ಕೇ ನಿಮ್ಮ ಅಂಗಡಿಯಲ್ಲಿ 57 ನಿಮಿಷದ ಸಾಲು ಕಣ್ಣಿಗೆ ಬೀಳುವುದಿಲ್ಲ, ಕಳೆದುಹೋದ ವ್ಯಾಪಾರವೂ ಕಣ್ಣಿಗೆ ಬೀಳುವುದಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿಗೆ ಎಷ್ಟು ಲೈನು ಬೇಕು ಎಂದು ಡೆನ್ಮಾರ್ಕಿನ ಎರ್ಲಾಂಗ್ ಇದೇ ಬಗೆಯ ಲೆಕ್ಕವನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲೇ ಹಾಕಿದ್ದರು. ಇಂದಿನ ಕಾಲ್‌ಸೆಂಟರುಗಳು ಅವರ ಸೂತ್ರದ ಮೇಲೆಯೇ ಜನರನ್ನು ಕೂರಿಸುತ್ತವೆ.

ಕೆಲಸದವರು ಸದಾ ‘ಬಿಡುವಿಲ್ಲದೆ’ ಇರಬೇಕು ಎಂಬ ಮಾಲೀಕರ ಆಸೆಗೆ ಗಿರಾಕಿ ಕಾಯುವ ರೂಪದಲ್ಲಿ ಬೆಲೆ ತೆರುತ್ತಾರೆ, ಕೌಂಟರಿನವರು ಬೈಗುಳದ ರೂಪದಲ್ಲಿ. ನೂರಕ್ಕೆ 75ರಿಂದ 80ರಷ್ಟು ದುಡಿತದಲ್ಲಿ ನಿಲ್ಲಿಸಿ, ಉಳಿದ ಹೊತ್ತಿಗೆ ನಡುವೆ ಬಿಟ್ಟೇಳಬಹುದಾದ ಕೆಲಸ ಕೊಡಿ: ಶೆಲ್ಫ್ ಜೋಡಿಸುವುದು, ಲೇಬಲ್ ಹಚ್ಚುವುದು, ಚೀಲ ಮಡಚುವುದು. ನಗದು ಎಣಿಕೆಯನ್ನು ಕೊಡಬೇಡಿ. ಅರ್ಧಕ್ಕೆ ಬಿಟ್ಟೆದ್ದರೆ ಮತ್ತೆ ಮೊದಲಿನಿಂದ ಎಣಿಸಬೇಕು.

ಜನ ಹೆಚ್ಚಿಸಲಾಗದಿದ್ದರೂ ಒಂದು ದಾರಿಯಿದೆ. ಎರಡು ಕೌಂಟರಿಗೆ ಎರಡು ಸಾಲು ಬೇಡ, ಒಂದೇ ಸಾಲು ಮಾಡಿ, ಮುಂದಿದ್ದವರು ಖಾಲಿಯಾದ ಕೌಂಟರಿಗೆ ಹೋಗಲಿ. ಒಂದೊಂದು ಕೌಂಟರಿಗೆ ಗಂಟೆಗೆ 18 ಜನ ಪ್ರತ್ಯೇಕವಾಗಿ ನಿಂತರೆ ಮೇಲೆ ಹೇಳಿದ 27 ನಿಮಿಷ. 36 ಜನ ಒಂದೇ ಸಾಲಿನಲ್ಲಿ ನಿಂತರೆ ಅದೇ ಇಬ್ಬರು ಕೆಲಸಗಾರರೊಂದಿಗೆ 13 ನಿಮಿಷಕ್ಕೆ ಇಳಿಯುತ್ತದೆ. ಸಾಲು ಕಣ್ಣಿಗೆ ಉದ್ದ ಕಾಣುತ್ತದೆ ಎಂಬುದೊಂದೇ ತೊಂದರೆ. ವಾಪಸ್ ಮತ್ತು ತಗಾದೆಯ ಕೆಲಸವನ್ನು ಮಾತ್ರ ಈ ಸಾಲಿನಿಂದ ತಪ್ಪಿಸಿ, ಬೇರೆ ಮೇಜಿಗೆ ಕಳಿಸಿ. ಒಬ್ಬರ 15 ನಿಮಿಷದ ತಕರಾರು ಮೂರು ನಿಮಿಷದ ಐದು ಬಿಲ್ಲುಗಳನ್ನು ತಡೆಹಿಡಿಯುತ್ತದೆ.

ಪ್ರಶ್ನೆ: ಕೌಂಟರಿನಲ್ಲಿರುವವರಿಗೆ ಗಿರಾಕಿ ಬಾಯಿಗೆ ಬಂದಂತೆ ಬೈದರೆ ಏನು ಮಾಡಬೇಕು? ಅವರು ದೊಡ್ಡ ಮೊತ್ತದ ವ್ಯಾಪಾರ ಮಾಡುವವರು.

ಉತ್ತರ: ಮೊದಲು ಬೈಗುಳ ಯಾವುದರ ಮೇಲೆ ಎಂದು ನೋಡಿ. ‘ಎರಡನೇ ಸಲ ತಪ್ಪು ಸಾಮಾನು ಕಳಿಸಿದ್ದೀರಿ, ನಿಮಗೆ ವ್ಯಾಪಾರ ಮಾಡಲು ಬರುತ್ತದೆಯೇ’ ಎನ್ನುವುದು ಎಷ್ಟೇ ಜೋರು ದನಿಯಲ್ಲಿದ್ದರೂ ದೂರು. ಅದನ್ನು ಕೇಳಿಸಿಕೊಳ್ಳಬೇಕು, ನಡುವೆ ಬಾಯಿ ಹಾಕಬಾರದು, ಸಾಮಾನು ಬದಲಿಸಬೇಕು. ಮಾತು ಎದುರಿಗಿರುವವರ ಹುಟ್ಟು, ಮೈಬಣ್ಣ, ಹೆಣ್ಣು–ಗಂಡಿನ ಕಡೆಗೆ ತಿರುಗಿದರೆ, ಏಕವಚನಕ್ಕೆ, ಅಶ್ಲೀಲಕ್ಕೆ, ಕೈ ಎತ್ತುವುದಕ್ಕೆ ಬಂದರೆ ಅದು ದೂರಲ್ಲ. ಈ ಗೆರೆ ಎಲ್ಲಿದೆ ಎಂದು ಕೆಲಸದವರಿಗೆ ಮೊದಲೇ ಹೇಳಿಟ್ಟಿರಬೇಕು, ಆ ಗಳಿಗೆಯಲ್ಲಿ ಯೋಚಿಸಲು ಆಗುವುದಿಲ್ಲ.

ಗೆರೆ ದಾಟಿದಾಗ ಕೌಂಟರಿನವರು ಹೇಳಬೇಕಾದ್ದು ಒಂದೇ ವಾಕ್ಯ: ‘ನಿಮ್ಮ ಕೆಲಸ ಮಾಡಿಕೊಡುತ್ತೇನೆ, ಆದರೆ ಈ ರೀತಿ ಮಾತಾಡಿದರೆ ಮಾಡಲು ಆಗುವುದಿಲ್ಲ.’ ಮತ್ತೊಮ್ಮೆ ಬಂದರೆ ಕೈಬಿಟ್ಟು ಮೇಲಿನವರನ್ನು ಕರೆಯಬೇಕು. ಬಂದವರು ಗಿರಾಕಿಗೂ ಕೆಲಸದವರಿಗೂ ನಡುವೆ ನಿಂತು, ಕೆಲಸದವರನ್ನು ಒಳಗೆ ಕಳಿಸಿ, ಆಮೇಲೆ ಮಾತಾಡಬೇಕು. ಒಳಗೆ ಹೋದವರಿಗೆ ಹತ್ತು ಹದಿನೈದು ನಿಮಿಷ ಬಿಡುವು ಬೇಕೇ ಬೇಕು. ಇಲ್ಲದಿದ್ದರೆ ಆ ಸಿಟ್ಟು ಮುಂದಿನ ನಾಲ್ಕು ನಿರಪರಾಧಿ ಗಿರಾಕಿಗಳ ಮೇಲೆ ಹೋಗುತ್ತದೆ. ಅದೇ ದಿನ ತಾರೀಖು, ಹೊತ್ತು, ಆಡಿದ ಮಾತು ಆಡಿದಂತೆಯೇ, ನೋಡಿದವರ ಹೆಸರು ಬರೆದಿಡಿ.

ಇಲ್ಲಿ ಎಲ್ಲ ಕೆಡುವುದು ಒಂದು ಹೆಜ್ಜೆಯಲ್ಲಿ. ಮಾಲೀಕರು ಬರುತ್ತಾರೆ, ರಗಳೆ ಬೇಡವೆಂದು, ಕೌಂಟರಿನವರು ನಿಯಮದ ಪ್ರಕಾರ ‘ಆಗುವುದಿಲ್ಲ’ ಎಂದಿದ್ದ ರಿಯಾಯಿತಿಯನ್ನು ಅವರ ಎದುರಿನಲ್ಲೇ ಕೊಟ್ಟುಬಿಡುತ್ತಾರೆ. ಗಿರಾಕಿ ಕಲಿಯುವುದು: ಕೂಗಾಡಿದರೆ ಸಿಗುತ್ತದೆ. ಕೆಲಸದವರು ಕಲಿಯುವುದು: ನಿಯಮ ಪಾಲಿಸಿದರೆ ಅವಮಾನ. ನಾಳೆಯಿಂದ ಅವರು ಕೇಳಿದವರಿಗೆಲ್ಲ ಕೊಡುತ್ತಾರೆ, ಇಲ್ಲವೇ ಯಾವುದನ್ನೂ ತೀರ್ಮಾನಿಸದೆ ಎಲ್ಲವನ್ನೂ ನಿಮ್ಮ ಹತ್ತಿರ ಕಳಿಸುತ್ತಾರೆ. ರಿಯಾಯಿತಿ ಕೊಡಲೇಬೇಕು ಎನಿಸಿದರೆ, ನಿಯಮವೇ ತಪ್ಪಿದ್ದರೆ, ಕೆಲಸದವರನ್ನು ಒಳಗೆ ಕರೆದು ವಿಷಯ ತಿಳಿಸಿ, ಅವರ ಬಾಯಿಂದಲೇ ಗಿರಾಕಿಗೆ ಹೇಳಿಸಿ. ಬೈಗುಳ ಗೆರೆ ದಾಟಿದ್ದರೆ ಅವತ್ತು ರಿಯಾಯಿತಿಯ ಮಾತೇ ಬೇಡ.

ದೊಡ್ಡ ಮೊತ್ತ ಎಂದಿರಿ. ಮೊತ್ತ ನೋಡಬೇಡಿ, ಉಳಿಯುವುದನ್ನು ನೋಡಿ. ಅವರಿಗೆ ಕೊಡುವ ರಿಯಾಯಿತಿ, ಸಾಲದ ಅವಧಿ, ವಾಪಸ್ ಬಂದ ಸಾಮಾನು, ಅವರ ಹಿಂದೆ ಹೋಗುವ ಕೆಲಸದವರ ಗಂಟೆಗಳು ಇಷ್ಟನ್ನೂ ಕಳೆದ ಮೇಲೆ ಅಂಥ ಗಿರಾಕಿ ಲಾಭದ ಪಟ್ಟಿಯಲ್ಲಿ ಕೆಳಗೆ ಜಾರುವುದು ಅಪರೂಪವೇನಲ್ಲ.

ಪ್ರಶ್ನೆ: ಗಿರಾಕಿಯ ದೂರನ್ನು ಕೆಲಸದವರೇ ಬಗೆಹರಿಸಲಿ ಎಂದರೆ ಹಣ ಪೋಲಾಗುವ ಭಯ. ಕೇಳಿಯೇ ಮಾಡಿ ಎಂದರೆ ಗಿರಾಕಿ ಕಾಯಬೇಕು. ಎಷ್ಟರ ತನಕ ಬಿಡಬಹುದು?

ಉತ್ತರ: ರಿಟ್ಜ್–ಕಾರ್ಲ್‌ಟನ್ ಹೋಟೆಲುಗಳಲ್ಲಿ ಅತಿಥಿಯೊಬ್ಬರ ತೊಂದರೆ ನೀಗಿಸಲು ಯಾವುದೇ ಸಿಬ್ಬಂದಿ ಮೇಲಿನವರನ್ನು ಕೇಳದೆ 2,000 ಡಾಲರ್ ತನಕ ಖರ್ಚು ಮಾಡಬಹುದು ಎಂಬ ನಿಯಮ ಪ್ರಸಿದ್ಧ. ಆ ಅಂಕಿಯನ್ನು ನಕಲು ಮಾಡಬೇಕಿಲ್ಲ, ನಿಮ್ಮ ಅಂಕಿ ನಿಮ್ಮ ಹಳೆಯ ಬಿಲ್ಲುಗಳಲ್ಲೇ ಇದೆ. ಕಳೆದ ಮೂರು ತಿಂಗಳಲ್ಲಿ ದೂರುಗಳಿಗೆ ನೀವು ಕೊನೆಗೆ ಎಷ್ಟೆಷ್ಟು ಬಿಟ್ಟುಕೊಟ್ಟಿರಿ ಎಂದು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಬರೆಯಿರಿ. ಐವತ್ತು ದೂರುಗಳಿದ್ದರೆ ನಲವತ್ತನೆಯ ಮೊತ್ತವೇ ನಿಮ್ಮ ಮಿತಿ. ಐದರಲ್ಲಿ ನಾಲ್ಕು ದೂರು ನಿಮ್ಮ ತನಕ ಬರುವುದೇ ಇಲ್ಲ, ದೊಡ್ಡವು ಮಾತ್ರ ಬರುತ್ತವೆ.

ಕೊಟ್ಟವರು ಅದೇ ದಿನ ಮೂರು ಸಾಲು ಬರೆಯಲಿ: ಏನಾಯಿತು, ಎಷ್ಟು ಕೊಟ್ಟೆ, ಮತ್ತೆ ಆಗದಿರಲು ಏನು ಬದಲಾಗಬೇಕು. ವಾರಕ್ಕೊಮ್ಮೆ ಎಲ್ಲರೂ ಕೂತು ಓದಿ. ಮೂರನೆಯ ಸಾಲು ಮುಖ್ಯ, ಹಣದ ಸೋರಿಕೆ ನಿಲ್ಲುವುದು ಅಲ್ಲಿಂದ. ‘ಇಷ್ಟೇಕೆ ಕೊಟ್ಟೆ’ ಎಂದು ಪ್ರತಿ ಸಲ ವಿಚಾರಣೆ ಕೂರಿಸಿದರೆ ಒಂದೇ ತಿಂಗಳಲ್ಲಿ ಎಲ್ಲರೂ ನಿಮ್ಮನ್ನು ಕೇಳಿಯೇ ಮಾಡುವ ಹಳೆಯ ಚಾಳಿಗೆ ಮರಳುತ್ತಾರೆ. ದುರುಪಯೋಗದ ಶಂಕೆ ಇದ್ದರೆ ಒಂದೊಂದು ಕೊಡುಗೆಯನ್ನು ಕೆದಕದೆ ತಿಂಗಳ ಒಟ್ಟು ಲೆಕ್ಕ ನೋಡಿ; ಒಬ್ಬರ ಹೆಸರಿನಲ್ಲಿ ಉಳಿದವರ ಮೂರರಷ್ಟಿದ್ದರೆ, ಅಥವಾ ಒಂದೇ ಗಿರಾಕಿಯ ಹೆಸರು ಪದೇಪದೇ ಬಂದರೆ, ಆಗ ಕೂರಿಸಿ ಕೇಳಿ.

ಪ್ರಶ್ನೆ: ಗಿರಾಕಿಗಳ ಎದುರು ಸದಾ ನಗುತ್ತಿರಬೇಕು ಎಂಬ ನಿಯಮ ಮಾಡಬಹುದೇ?

ಉತ್ತರ: ಬೇಡ. ನಮಸ್ಕಾರ ಹೇಳುವುದು, ಮುಖ ನೋಡಿ ಮಾತಾಡುವುದು, ಕೇಳಿದ್ದಕ್ಕೆ ಉತ್ತರಿಸುವುದು ಇಷ್ಟನ್ನು ನಿಯಮ ಮಾಡಬಹುದು. ಒಳಗಿಲ್ಲದ ಭಾವವನ್ನು ಎಂಟು ಗಂಟೆ ಮುಖದಲ್ಲಿ ಹೊತ್ತು ನಿಲ್ಲುವುದೂ ಒಂದು ದುಡಿಮೆಯೇ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1983ರಲ್ಲಿ ವಿಮಾನದ ಗಗನಸಖಿಯರನ್ನು ಅಭ್ಯಾಸ ಮಾಡಿ ಅದಕ್ಕೆ ‘ಇಮೋಷನಲ್ ಲೇಬರ್’ (ಭಾವದ ದುಡಿಮೆ) ಎಂಬ ಹೆಸರನ್ನೇ ಕೊಟ್ಟರು. ಸಂಬಳದ ಚೀಟಿಯಲ್ಲಿ ಆ ದುಡಿಮೆಯ ಕಲಂ ಇನ್ನೂ ಬಂದಿಲ್ಲ.

ಪ್ರಶ್ನೆ: ಮಾರಾಟಕ್ಕೆ ಟಾರ್ಗೆಟ್, ಗಿರಾಕಿಯ ರೇಟಿಂಗಿಗೆ ಇನ್ಸೆಂಟಿವ್ ಎರಡನ್ನೂ ಇಟ್ಟಿದ್ದೇನೆ. ಇದರಿಂದ ಎರಡೂ ಕಡೆ ನ್ಯಾಯವಾಗುವುದಿಲ್ಲವೇ?

ಉತ್ತರ: ಎರಡೂ ಕಡೆ ಅನ್ಯಾಯವಾಗುವ ಸಂಭವವೇ ಹೆಚ್ಚು. ವೆಲ್ಸ್ ಫಾರ್ಗೋ ಬ್ಯಾಂಕಿನ ಪ್ರಕರಣ ನೋಡಿ. ಒಂದೊಂದು ಮನೆಗೆ ಎಂಟು ಬಗೆಯ ಖಾತೆ–ಸೇವೆ ಮಾರಬೇಕು ಎಂಬ ಗುರಿ ಅಲ್ಲಿತ್ತು. ಒತ್ತಡ ತಾಳದೆ ಸಿಬ್ಬಂದಿ ಗ್ರಾಹಕರಿಗೆ ತಿಳಿಸದೆಯೇ ಅವರ ಹೆಸರಿನಲ್ಲಿ ಖಾತೆ ತೆರೆದರು. 2016ರ ಸೆಪ್ಟೆಂಬರಿನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಕೆಲವು ವರ್ಷಗಳ ಅವಧಿಯಲ್ಲಿ ಸುಮಾರು 5,300 ಮಂದಿ ಕೆಲಸ ಕಳೆದುಕೊಂಡಿದ್ದರು. ಗ್ರಾಹಕರೂ ಮೋಸಹೋದರು, ಕೆಲಸದವರೂ ಬೀದಿಗೆ ಬಂದರು. ಗುರಿ ಇಟ್ಟವರು ಎರಡೂ ಗುಂಪಿನವರಲ್ಲ.

ರೇಟಿಂಗಿನ ರೋಗ ಬೇರೆ. ಅದಕ್ಕೆ ಹಣ ಕಟ್ಟಿದ ದಿನದಿಂದ ಕೆಲಸದವರು ಸಂತೋಷಪಟ್ಟ ಗಿರಾಕಿಗೆ ಮಾತ್ರ ಫೋನು ಚಾಚುತ್ತಾರೆ, ‘ಐದು ಸ್ಟಾರ್ ಕೊಡಿ ಸಾರ್’ ಎಂದು ಬೇಡುತ್ತಾರೆ, ಸಿಡುಕಿನವರನ್ನು ಸದ್ದಿಲ್ಲದೆ ಸಾಗಹಾಕುತ್ತಾರೆ. ನಿಮ್ಮ ಕೈಗೆ ಬರುವುದು 4.8, ಅದರಿಂದ ತಿಳಿಯುವುದು ಏನೂ ಇಲ್ಲ. ರೇಟಿಂಗ್ ಇರಲಿ, ಹಣದಿಂದ ಬಿಡಿಸಿಡಿ. ಅಂಕಿಗಿಂತ ಕೆಳಗೆ ಬರೆದ ಮಾತುಗಳನ್ನು ಓದಿ.

ಮಾರಾಟದ ಇನ್ಸೆಂಟಿವ್ ಬಿಡಲಾಗದು ಎಂದಾದರೆ ನಾಲ್ಕು ತಿದ್ದುಪಡಿ ಮಾಡಿ. ಮಾರಿದ ದಿನ ಕೊಡಬೇಡಿ, ವಾಪಸ್ ಅವಧಿ ಮುಗಿದ ಮೇಲೆ ಕೊಡಿ. ವಾಪಸ್ ಬಂದ ಮಾಲು ಲೆಕ್ಕದಿಂದ ಕಳೆಯಲಿ. ಒಬ್ಬೊಬ್ಬರಿಗೆ ಕೊಡುವುದಕ್ಕಿಂತ ಪಾಳಿಗೆ ಕೊಡಿ, ಗಿರಾಕಿಗಾಗಿ ಕೆಲಸದವರು ತಮ್ಮಲ್ಲೇ ಕಿತ್ತಾಡುವುದು ನಿಲ್ಲುತ್ತದೆ. ಇನ್ಸೆಂಟಿವ್ ಇಲ್ಲದೆಯೇ ಬದುಕು ಸಾಗುವಷ್ಟು ಮೂಲ ಸಂಬಳ ಇರಲಿ. ಈ ನಾಲ್ಕನೆಯದು ಆಗದಿದ್ದರೆ ಮೊದಲ ಮೂರರಿಂದ ಹೆಚ್ಚೇನೂ ಬದಲಾಗುವುದಿಲ್ಲ.

ಪ್ರಶ್ನೆ: ಗಿರಾಕಿಗಳು ಬರುವುದು ದಿನಕ್ಕೊಂದು ತರಹ. ಅದಕ್ಕೆ ತಕ್ಕಂತೆ ಹಿಂದಿನ ರಾತ್ರಿ ಪಾಳಿ ತಿಳಿಸುತ್ತೇನೆ. ಕೆಲಸದವರ ಗೊಣಗಾಟ ತಪ್ಪಿಲ್ಲ.

ಉತ್ತರ: ಗೊಣಗದೆ ಏನು ಮಾಡುತ್ತಾರೆ? ನಾಳೆ ಮಗುವನ್ನು ಯಾರ ಹತ್ತಿರ ಬಿಡಬೇಕು ಎಂದು ರಾತ್ರಿ ಹತ್ತಕ್ಕೆ ಗೊತ್ತಾದರೆ ಬೆಳಿಗ್ಗೆ ತಡವಾಗುತ್ತದೆ, ಇಲ್ಲವೇ ರಜೆ ಬೀಳುತ್ತದೆ.

ಅಮೆರಿಕದ ಗ್ಯಾಪ್ ಬಟ್ಟೆ ಮಳಿಗೆಗಳಲ್ಲಿ ಇದನ್ನು ಪ್ರಯೋಗ ಮಾಡಿಯೇ ನೋಡಿದ್ದಾರೆ, ವರದಿ 2018ರಲ್ಲಿ ಬಂತು. ಪ್ರಯೋಗದ ಎಲ್ಲ ಮಳಿಗೆಗಳಲ್ಲೂ ಪಾಳಿಯನ್ನು ಎರಡು ವಾರ ಮುಂಚೆ ತಿಳಿಸಿ, ಕೆಲವು ಮಳಿಗೆಗಳಲ್ಲಿ ಅದರ ಜೊತೆಗೆ ಪಾಳಿ ಶುರುವಾಗುವ ಮತ್ತು ಮುಗಿಯುವ ಹೊತ್ತನ್ನು ಆದಷ್ಟು ಒಂದೇ ತರಹ ಇಟ್ಟು, ಕೆಲಸದವರು ಪಾಳಿಯನ್ನು ತಮ್ಮಲ್ಲೇ ಬದಲಾಯಿಸಿಕೊಳ್ಳಲು ಬಿಟ್ಟರು. ಕೆಲವು ಕಡೆ ಬೇಕಾದ ಹೊತ್ತಿಗೆ ಒಂದಿಷ್ಟು ಜನರನ್ನೂ ಹೆಚ್ಚಿಸಿದರು. ಈ ಹೆಚ್ಚಿನ ಬದಲಾವಣೆ ಮಾಡದ ಮಳಿಗೆಗಳಿಗೆ ಹೋಲಿಸಿದರೆ ಇಲ್ಲಿ ಮಾರಾಟ ನೂರಕ್ಕೆ 7ರಷ್ಟು ಏರಿತು. ಯಾವ ಸಾಮಾನು ಎಲ್ಲಿದೆ ಎಂದು ಬಲ್ಲ ಹಳಬರು ತಪ್ಪದೆ ಬಂದರೆ ವ್ಯಾಪಾರ ಕೈತಪ್ಪುವುದು ಕಡಿಮೆ.

ನಿಮ್ಮ ಗಿರಾಕಿಗಳು ನೀವಂದುಕೊಂಡಷ್ಟು ಬೇಕಾಬಿಟ್ಟಿಯಾಗಿ ಬರುತ್ತಿರುವುದಿಲ್ಲ. ಎಂಟು ವಾರದ ಬಿಲ್ಲುಗಳನ್ನು ವಾರದ ದಿನ, ಗಂಟೆ ಎಂದು ವಿಂಗಡಿಸಿ ಹಾಳೆಯ ಮೇಲೆ ಹಾಕಿ. ಮಂಗಳವಾರಕ್ಕೆ ಮಂಗಳವಾರ ಎಷ್ಟು ಹೋಲುತ್ತದೆ ಎಂದು ಕಾಣಿಸುತ್ತದೆ. ನಾಲ್ಕು ಪಾಲು ಪಾಳಿಯನ್ನು ಅದರ ಮೇಲೆ ಎರಡು ವಾರ ಮುಂಚೆ ನಿಗದಿ ಮಾಡಿ. ಐದನೆಯ ಪಾಲನ್ನು ‘ಬೇಕಾದರೆ ಹೆಚ್ಚು ಗಂಟೆ ಮಾಡುತ್ತೇವೆ’ ಎಂದು ತಾವಾಗಿ ಹೆಸರು ಕೊಟ್ಟವರಿಂದ ತುಂಬಿಕೊಳ್ಳಿ, ಅದಕ್ಕೆ ತುಸು ಹೆಚ್ಚು ಹಣ ಕೊಡಿ. ಪಾಳಿ ಬದಲಿಗೆ ಒಂದೇ ಷರತ್ತು ಸಾಕು: ಬಿಲ್ಲಿಂಗ್ ಬಲ್ಲವರ ಜಾಗಕ್ಕೆ ಬಿಲ್ಲಿಂಗ್ ಬಲ್ಲವರೇ ಬರಬೇಕು.

ಪ್ರಶ್ನೆ: ಸಂಬಳ ಹೆಚ್ಚಿಸಿದರೆ ಕೆಲಸ ಬಿಡುವವರು ಕಡಿಮೆಯಾಗಿ ಆ ಖರ್ಚು ತಾನಾಗಿ ಸರಿದೂಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಕೆಲವೊಮ್ಮೆ. ಎಲ್ಲರೂ ಎತ್ತಿಕೊಳ್ಳುವ ಉದಾಹರಣೆ ಹೆನ್ರಿ ಫೋರ್ಡ್. 1913ರಲ್ಲಿ ಅವರ ಕಾರ್ಖಾನೆಯಲ್ಲಿ ಸುಮಾರು 14,000 ಮಂದಿಯನ್ನು ಉಳಿಸಿಕೊಳ್ಳಲು ವರ್ಷದಲ್ಲಿ 52,000ಕ್ಕೂ ಹೆಚ್ಚು ಮಂದಿಯನ್ನು ಸೇರಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ದಿನಕ್ಕೆ 5 ಡಾಲರ್, ಒಂಬತ್ತರ ಬದಲು ಎಂಟು ಗಂಟೆ ಎಂದು ಸಾರಿದ ಮೇಲೆ ಬಿಟ್ಟುಹೋಗುವವರ ಪ್ರಮಾಣ ಪಾತಾಳಕ್ಕಿಳಿಯಿತು. ಆ 5 ಡಾಲರಿನ ಜೊತೆ ಷರತ್ತುಗಳೂ ಇದ್ದವು, ಕಂಪನಿಯ ಪರೀಕ್ಷಕರು ಕೆಲಸಗಾರರ ಮನೆಗೇ ಹೋಗಿ ಅವರು ಹೇಗೆ ಬದುಕುತ್ತಿದ್ದಾರೆ ಎಂದು ನೋಡುತ್ತಿದ್ದರು. ಭಾಷಣಗಳಲ್ಲಿ ಈ ಭಾಗ ಬಿಟ್ಟುಹೋಗಿರುತ್ತದೆ.

ನಿಮ್ಮ ಲೆಕ್ಕವನ್ನು ನೀವೇ ಹಾಕಿ. ಒಬ್ಬರು ಬಿಟ್ಟುಹೋದರೆ ತಗಲುವ ಖರ್ಚನ್ನು ಅವರದೇ ದಿನಗೂಲಿಯಲ್ಲಿ ಅಳೆಯಿರಿ. ಹೊಸಬರಿಗೆ ಕೈ ಕುದುರಲು 30 ದಿನ ಹಿಡಿದು, ಅಷ್ಟರಲ್ಲಿ ಸರಾಸರಿ ಅರ್ಧ ಕೆಲಸ ಆಗುತ್ತದೆ ಎಂದರೆ 15 ದಿನದ ಕೂಲಿ ಹೋಯಿತು. ಕಲಿಸುವವರ ಅರ್ಧ ಹೊತ್ತು 10 ದಿನ ಹೋದರೆ 5. ಜಾಗ 12 ದಿನ ಖಾಲಿಯಿದ್ದು, ಉಳಿದವರಿಗೆ ಒಂದೂವರೆ ಪಟ್ಟು ಓವರ್‌ಟೈಮ್ ಕೊಟ್ಟರೆ ಹೆಚ್ಚುವರಿ 6. ಜಾಹೀರಾತು, ಸಂದರ್ಶನಕ್ಕೆ 3. ಒಟ್ಟು 29 ದಿನ, ಅಂದರೆ 26 ದಿನದ ತಿಂಗಳಿನ ಲೆಕ್ಕದಲ್ಲಿ ಒಂದು ತಿಂಗಳ ಸಂಬಳಕ್ಕಿಂತ ಸ್ವಲ್ಪ ಹೆಚ್ಚು. ಹತ್ತು ಜನರಲ್ಲಿ ವರ್ಷಕ್ಕೆ ನಾಲ್ವರು ಬಿಟ್ಟರೆ ಸುಮಾರು ನಾಲ್ಕೂವರೆ ತಿಂಗಳ ಸಂಬಳ ಹೋಗುತ್ತದೆ. ಹತ್ತು ಜನರ ವರ್ಷದ ಸಂಬಳ 120 ತಿಂಗಳದ್ದು; ಅದರಲ್ಲಿ ಇದು ನೂರಕ್ಕೆ 3.7. ಅಂದರೆ ಒಬ್ಬರೂ ಬಿಡದೆ ಉಳಿದರೂ ಈ ಉಳಿತಾಯದಿಂದ ತುಂಬಿಕೊಳ್ಳಬಹುದಾದ ಏರಿಕೆ ನೂರಕ್ಕೆ ನಾಲ್ಕು ಕೂಡ ಇಲ್ಲ. ನೂರಕ್ಕೆ ಇಪ್ಪತ್ತು ಏರಿಸಿ ‘ತಾನಾಗಿ ಸರಿದೂಗುತ್ತದೆ’ ಎಂದು ಕೂತರೆ ಕೈ ಸುಟ್ಟುಕೊಳ್ಳುತ್ತೀರಿ.

ಕೈ ಕುದುರಲು ಒಂದು ತಿಂಗಳ ಬದಲು ಆರು ತಿಂಗಳು ಹಿಡಿಯುವ ಕೆಲಸವಾದರೆ ಲೆಕ್ಕ ತಲೆಕೆಳಗಾಗುತ್ತದೆ: 15ರ ಜಾಗದಲ್ಲಿ 75ಕ್ಕೂ ಮಿಕ್ಕಿ ದಿನಗಳು ಬರುತ್ತವೆ, ಬಿಟ್ಟುಹೋದವರ ಹಿಂದೆ ಗಿರಾಕಿಗಳೂ ಹೋಗುತ್ತಾರೆ. ಸಾಮಾನ್ಯ ಕೌಂಟರಿನ ಕೆಲಸಕ್ಕೆ ಏರಿಕೆ ಕೊಡುವವರು ಅದರ ಜೊತೆಯಲ್ಲೇ ಕೆಲಸದ ರೀತಿಯನ್ನೂ ಬದಲಿಸಿದರೆ ಮಾತ್ರ ಹಣ ಹುಟ್ಟುತ್ತದೆ. ಮಾರಾಟವಾಗದ ಮಾಲಿನ ಬಗೆಗಳನ್ನು ಕಡಿಮೆ ಮಾಡಿ, ಒಬ್ಬೊಬ್ಬರಿಗೂ ಎರಡು ಮೂರು ಕೆಲಸ ಕಲಿಸಿ, ಮೊದಲ ಪ್ರಶ್ನೆಯಲ್ಲಿ ಹೇಳಿದ ನೋಟ್‌ಬುಕ್ಕಿನ ಅಡ್ಡಿಗಳನ್ನು ತೆಗೆದುಹಾಕಿ, ಏರಿಕೆಯನ್ನು ಎರಡು ಕಂತಿನಲ್ಲಿ ಆರು ತಿಂಗಳ ಅಂತರದಲ್ಲಿ ಕೊಡಿ. ಮೊದಲ ಕಂತಿನ ನಂತರ ಬಿಟ್ಟುಹೋದವರ ಸಂಖ್ಯೆ, ವಾಪಸ್ ಬಂದ ಮಾಲು, ಪಾಳಿ ತಪ್ಪಿಸಿದ ದಿನಗಳು ಈ ಮೂರನ್ನು ಹಿಂದಿನ ಆರು ತಿಂಗಳಿಗೆ ಹೋಲಿಸಿ. ಮೂರೂ ಕದಲದಿದ್ದರೆ ಎರಡನೆಯ ಕಂತಿಗೆ ಮುಂಚೆ, ಇನ್ನೂ ಹೋಗುವವರು ಯಾವ ಕಾರಣಕ್ಕೆ ಹೋಗುತ್ತಿದ್ದಾರೆ ಎಂದು ಈಗಾಗಲೇ ಬಿಟ್ಟು ಮೂರು ತಿಂಗಳಾದವರನ್ನು ಕೇಳಿ. ಬಿಡುವ ದಿನ ಕೇಳಿದರೆ ಎಲ್ಲರೂ ‘ಮನೆಯ ತೊಂದರೆ’ ಎಂದೇ ಹೇಳುತ್ತಾರೆ.